ಸೂರ್ಯ ಅಲ್ಲಾಡದ ಲೋಕದಲ್ಲಿ ದೇವರು ಯಾರು, ಆಳುವವರು ಯಾರು?

ಮುಸ್ಸಂಜೆ

ಎಲ್ಲರಿಗೂ ನಮಸ್ಕಾರ. ಒಂದು ನೀಳ್ಗತೆ ಬರೆಯುತ್ತಿದ್ದೇನೆ, ಬೆಳೆದರೆ ಕಾದಂಬರಿಯೂ ಆಗಬಹುದು. ಕತೆ ನಡೆಯುವುದು ಪ್ರಾಕ್ಸಿಮಾ ಸೆಂಟಾರಿ ಬಿ ಗ್ರಹದಲ್ಲಿ. ಇಲ್ಲಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ. ಪತ್ತೆಯಾದದ್ದು 2016ರಲ್ಲಿ. ತನ್ನ ನಕ್ಷತ್ರವನ್ನು 11.2 ದಿನಕ್ಕೊಂದು ಸಲ ಸುತ್ತುತ್ತದೆ. ಅಷ್ಟು ಹತ್ತಿರ ಇರುವುದರಿಂದ ಅದು ನಕ್ಷತ್ರಕ್ಕೆ ಯಾವಾಗಲೂ ಒಂದೇ ಮುಖ ತೋರಿಸುತ್ತಿರಬಹುದು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಗಾಳಿ, ನೀರು ಇದೆಯಾ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ. ಇದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ಕತ್ತಲು, ನಡುವೆ ಮುಸ್ಸಂಜೆಯ ಪಟ್ಟಿ. ಜನ ಇರುವುದು ಆ ಪಟ್ಟಿಯಲ್ಲಿ, ಮತ್ತೆ ಅದರಿಂದ ಸ್ವಲ್ಪ ಬಿಸಿಲಿನ ಕಡೆಗೆ.

ಭೂಗೋಳ ಕಟ್ಟುವುದು ಖುಷಿ ಕೊಡುತ್ತದೆ. ಜನರನ್ನು ಕಟ್ಟುವಾಗಲೇ ಕಷ್ಟ. ಒಬ್ಬ ಸೂರ್ಯದೇವ, ಹಿರಿಯರ ಒಂದು ಸಭೆ, ಒಬ್ಬ ದುಷ್ಟ ರಾಜ, ಇದು ನನಗೆ ಬೇಡ. ಇಡೀ ಗ್ರಹಕ್ಕೆ ಒಂದೇ ಮತ, ಒಂದೇ ಉಡುಪು, ಒಂದೇ ಸ್ವಭಾವ ಅನ್ನುವುದೂ ಬೇಡ. ನಮ್ಮ ಒಂದು ಜಿಲ್ಲೆಯಲ್ಲೇ ಅಷ್ಟು ಬಗೆ ಇರುವಾಗ ಒಂದು ಗ್ರಹ ಹೇಗೆ ಒಂದೇ ಥರ ಇರುತ್ತದೆ ಅಲ್ವಾ?

ನೀವಾದರೆ ಎಲ್ಲಿಂದ ಶುರು ಮಾಡುತ್ತೀರಿ? ದೇವರಿಂದಲೋ, ಸರ್ಕಾರದಿಂದಲೋ, ಹೊಟ್ಟೆಪಾಡಿನಿಂದಲೋ?

ಗಣಿತ ಮೇಷ್ಟ್ರು

ಮೊದಲು ಆಕಾಶದ ಲೆಕ್ಕ ಸರಿ ಮಾಡಿಕೊಳ್ಳೋಣ, ದೇವರು ಆಮೇಲೆ.

ಪ್ರಾಕ್ಸಿಮಾ ಕೆಂಪು ಕುಬ್ಜ ನಕ್ಷತ್ರ. ಗಾತ್ರ ಚಿಕ್ಕದು, ಆದರೆ ಗ್ರಹ ತೀರಾ ಹತ್ತಿರ, 70 ಲಕ್ಷ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಅಲ್ಲಿನವರಿಗೆ ಸೂರ್ಯ ನಮಗೆ ಕಾಣುವುದಕ್ಕಿಂತ ಮೂರು ಪಟ್ಟು ಅಗಲ ಕಾಣುತ್ತಾನೆ. ಮತ್ತೆ ಇದ್ದಲ್ಲೇ ಇರುತ್ತಾನೆ. ಗ್ರಹ ಭೂಮಿಯಷ್ಟೇ ದೊಡ್ಡದು ಅಂತ ಇಟ್ಟುಕೊಳ್ಳಿ. ಸೂರ್ಯನ ಕಡೆಗೆ 111 ಕಿ.ಮೀ. ನಡೆದರೆ ಸೂರ್ಯ ಒಂದು ಡಿಗ್ರಿ ಮೇಲೇರುತ್ತಾನೆ. ಹಿಂದಕ್ಕೆ ಬಂದರೆ ಇಳಿಯುತ್ತಾನೆ. ಅಂದರೆ ಒಂದು ಊರಿನ ವಿಳಾಸವೇ ಅಲ್ಲಿನ ಸೂರ್ಯನ ಎತ್ತರ.

ಸೂರ್ಯ ಅಲ್ಲಾಡದಿದ್ದರೆ ನೆರಳೂ ಅಲ್ಲಾಡುವುದಿಲ್ಲ. ಇದನ್ನು ಸ್ವಲ್ಪ ಯೋಚನೆ ಮಾಡಿ. ಬೆಟ್ಟದ ನೆರಳು ಬಿದ್ದ ಜಾಗ ಎಂದೆಂದಿಗೂ ನೆರಳು. ಯಾರಾದರೂ ಎತ್ತರದ ಮನೆ ಕಟ್ಟಿದರೆ ಹಿಂದಿನ ಮನೆಯವರ ಬಿಸಿಲು ಶಾಶ್ವತವಾಗಿ ಹೋಯಿತು. ಸೂರ್ಯ ಕೆಳಗೆ ಇರುವ ಮುಸ್ಸಂಜೆ ಪಟ್ಟಿಯಲ್ಲಿ ನೆರಳು ಕಿಲೋಮೀಟರ್‌ಗಟ್ಟಲೆ ಚಾಚಿರುತ್ತದೆ.

ಇನ್ನೊಂದು ಸಂಗತಿ. ಈ ನಕ್ಷತ್ರ ಆಗಾಗ ಭುಗಿಲೇಳುತ್ತದೆ. 2016ರ ಮಾರ್ಚ್‌ನಲ್ಲಿ ಒಂದು ಭುಗಿಲು ದಾಖಲಾಗಿದೆ. ಆಗ ಅದರ ಬೆಳಕು ಕೆಲವು ನಿಮಿಷ ಸುಮಾರು 68 ಪಟ್ಟು ಹೆಚ್ಚಿತ್ತು. ದೂರದರ್ಶಕ ಇಲ್ಲದೆ ಕಾಣದ ನಕ್ಷತ್ರ ಅಷ್ಟು ಹೊತ್ತು ಬರಿಗಣ್ಣಿಗೂ ಕಾಣುವಷ್ಟಾಗಿತ್ತು. ಬೆಳಕು ಗ್ರಹಕ್ಕೆ ಬರಲು ಸುಮಾರು 25 ಸೆಕೆಂಡು ಸಾಕು, ಮೊದಲೇ ಎಚ್ಚರಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಹಿಂದೆ ಬರುವ ಕಣಗಳ ಅಲೆ ನಿಧಾನ. ಮಿಂಚು ಕಂಡ ಮೇಲೆ ಅಡಗಿಕೊಳ್ಳಲು ಸ್ವಲ್ಪ ಸಮಯ ಸಿಗುತ್ತದೆ ಅಂತ ನೀವು ಧೈರ್ಯವಾಗಿ ಬರೆಯಬಹುದು.

ತೂಬು

ಮೇಷ್ಟ್ರು ಹೇಳಿದ ನೆರಳಿನ ಮಾತು ಓದಿ ಮೈ ಜುಮ್ಮೆಂದಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೊಟ್ಟೆಪಾಡಿನಿಂದ ಶುರು ಮಾಡುತ್ತೇನೆ. ಅದರಲ್ಲೂ ಯಾವುದು ಕಡಿಮೆ ಇದೆ, ಅದರ ಕೀಲಿ ಯಾರ ಕೈಯಲ್ಲಿದೆ ಅನ್ನುವುದರಿಂದ. ಇಂಥ ಗ್ರಹದಲ್ಲಿ ಬಿಸಿಲ ಕಡೆಯ ನೀರು ಆವಿಯಾಗಿ ಕತ್ತಲ ಕಡೆ ಹೋಗಿ ಮಂಜುಗಡ್ಡೆಯಾಗಿ ಬೀಳುತ್ತದೆ. ಆ ಹಿಮ ಭಾರಕ್ಕೆ ಜಾರುತ್ತಾ ಮುಸ್ಸಂಜೆಗೆ ಬಂದು ಕರಗುತ್ತದೆ. ಹಾಗಾಗಿ ಹೊಳೆಗಳೆಲ್ಲ ಹುಟ್ಟುವುದು ಕತ್ತಲಲ್ಲಿ. ಬೆಳಕು ಸೂರ್ಯನದು, ನೀರು ಕತ್ತಲೆಯದು. ಇಂಥ ಕಡೆ ಸೂರ್ಯನನ್ನೇ ದೊಡ್ಡ ದೇವರು ಅಂತ ಯಾಕೆ ಪೂಜಿಸಬೇಕು? ಅವನು ಎಲ್ಲೂ ಹೋಗುವುದಿಲ್ಲ, ಬರುವುದೂ ಇಲ್ಲ. ಬಾ ಅಂತ ಬೇಡಿಕೊಳ್ಳುವ ಅಗತ್ಯವೇ ಇಲ್ಲ. ನೀರು ಮಾತ್ರ ಒಂದು ಸಲ ಜಾಸ್ತಿ ಬರುತ್ತದೆ, ಒಂದು ಸಲ ಬರುವುದೇ ಇಲ್ಲ. ಜನ ಬೇಡಿಕೊಳ್ಳುವುದು ಕೈ ಕೊಡಬಹುದಾದದ್ದನ್ನು. ಉತ್ತರ ಕರ್ನಾಟಕದಲ್ಲಿ ಗುರ್ಜಿ ಹೊತ್ತು ಮನೆ ಮನೆಗೆ ಹೋಗುವುದು ಮಳೆ ಬಾರದಿದ್ದಾಗ ತಾನೇ?

ಈಗ ಸರ್ಕಾರ. ನಾನು ಕೋಲಾರದ ಕಡೆಯವನು. ನಮ್ಮಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವನು ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಲೆಕ್ಕ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಿಗುತ್ತಿತ್ತು. ಅನೇಕ ಊರುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ದಲಿತರು. ಇಡೀ ಊರಿನ ಅನ್ನ ಅವನ ಕೈಯಲ್ಲಿ, ಆದರೆ ಊರ ದೇವಸ್ಥಾನದ ಒಳಗೆ ಅವನಿಗೆ ಪ್ರವೇಶ ಇರಲಿಲ್ಲ. ಅಧಿಕಾರ ಒಬ್ಬರಲ್ಲಿ, ಮರ್ಯಾದೆ ಇನ್ನೊಬ್ಬರಲ್ಲಿ. ವಿಜ್ಞಾನ ಕತೆಗಳಲ್ಲಿ ಇದು ತಪ್ಪಿಹೋಗುವುದೇ ಜಾಸ್ತಿ. ಸಿಂಹಾಸನದ ಮೇಲೆ ಕೂತವನೇ ಎಲ್ಲ ನಡೆಸುತ್ತಾನೆ ಅಂತ ಬರೆದುಬಿಡುತ್ತಾರೆ. ನಿಮ್ಮ ಲೋಕದಲ್ಲಿ ಹಿಮದ ಅಂಚಿಗೆ ಹೋಗಿ, ಆ ಚಳಿಯಲ್ಲಿ ಕಾಲುವೆ ಒಡೆದು ನೀರು ಬಿಡುವವರು ಯಾರು? ಅವರು ಕೆಳಗೆ ಬಂದಾಗ ಅವರಿಗೆ ಕೂರಲು ಜಾಗ ಕೊಡುತ್ತಾರಾ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಸರ್ಕಾರ ಸಿಕ್ಕಿತು.

ನೆರಳಿಗೆ ಬಂದರೆ, ನಮ್ಮ ದೇಶದಲ್ಲಿ ನೆರಳು ಸೋಕಿದರೂ ಮೈಲಿಗೆ ಅಂತ ಮನುಷ್ಯರನ್ನು ದೂರ ಇಟ್ಟ ಚರಿತ್ರೆ ಇದೆ. ನಿಮ್ಮ ಲೋಕದಲ್ಲಿ ನೆರಳು ಅಲ್ಲಾಡುವುದೇ ಇಲ್ಲ. ದೊಡ್ಡವರ ಗೋಪುರದ ನೆರಳಲ್ಲಿ ತಲೆತಲಾಂತರ ಬದುಕಿದ ಒಂದು ಕೇರಿ ಅಲ್ಲಿ ಇದ್ದೇ ಇರುತ್ತದೆ. ಬೆಳೆ ಬರುವುದಿಲ್ಲ, ಮೈ ಬಿಳುಚು, ಹಾಗಾಗಿ ಅವರು ಕತ್ತಲಿನವರು ಅಂತ ಉಳಿದವರು ಹೇಳುತ್ತಾರೆ. ಆಮೇಲೆ ಅದಕ್ಕೊಂದು ಪುರಾಣ ಕಟ್ಟುತ್ತಾರೆ, ಅವರ ಮೂಲಪುರುಷ ಸೂರ್ಯನಿಗೆ ಬೆನ್ನು ಹಾಕಿದ್ದ ಅಂತ. ನೆರಳು ಮೊದಲು ಬಿತ್ತು, ಪುರಾಣ ಆಮೇಲೆ ಬಂತು ಅನ್ನುವುದು ಓದುಗನಿಗೆ ಗೊತ್ತಾಗಬೇಕು, ಪಾತ್ರಗಳಿಗೆ ಗೊತ್ತಾಗಬಾರದು. ಭುಗಿಲೆದ್ದಾಗ ಮಾತ್ರ ಎಲ್ಲರಿಗೂ ಆ ಕೇರಿಯೇ ಬೇಕು. ನೆರಳೇ ಕಾಪಾಡುವುದು.

ಘಟ್ಟದ ಕೆಳಗೆ

ತೂಬು ಅವರೇ, ಬಹಳ ಚೆನ್ನಾಗಿದೆ. ಆದರೆ ನನ್ನದೊಂದು ತಕರಾರು ಇದೆ. ನೀವೂ ಮೇಷ್ಟ್ರೂ ಸೇರಿ ಭೂಗೋಳದಿಂದ ನೇರವಾಗಿ ಸಂಸ್ಕೃತಿ ಇಳಿಸುತ್ತಿದ್ದೀರಿ. ನೀರು ಇಲ್ಲಿ, ಹಾಗಾಗಿ ದೇವರು ಇಲ್ಲಿ ಅಂತ. ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ನಮ್ಮ ತುಳುನಾಡನ್ನೇ ನೋಡಿ. ಅದೇ ಮಳೆ, ಅದೇ ಗದ್ದೆ, ಅದೇ ತೆಂಗು. ಆದರೆ ಅಕ್ಕಪಕ್ಕದ ಎರಡು ಮನೆಗಳಲ್ಲಿ ಒಂದರಲ್ಲಿ ಆಸ್ತಿ ಹೋಗುತ್ತಿದ್ದದ್ದು ತಾಯಿಯ ಕಡೆಯಿಂದ, ಅಳಿಯಸಂತಾನ. ಇನ್ನೊಂದರಲ್ಲಿ ಅಪ್ಪನಿಂದ ಮಕ್ಕಳಿಗೆ, ಮಕ್ಕಳಸಂತಾನ. ಸಮುದ್ರ, ಮಳೆ, ಮಣ್ಣು ಯಾವುದೂ ಇದನ್ನು ತೀರ್ಮಾನ ಮಾಡಲಿಲ್ಲ. ಅಳಿಯಸಂತಾನಕ್ಕೆ 1949ರಲ್ಲಿ ಮದ್ರಾಸ್ ಸರ್ಕಾರ ಕಾಯ್ದೆಯನ್ನೇ ಮಾಡಬೇಕಾಯಿತು, ಅಷ್ಟು ಗಟ್ಟಿಯಾಗಿ ಊರಿತ್ತು. ಹಾಗಾಗಿ ನಿಮ್ಮ ಗ್ರಹದಲ್ಲಿ ಒಂದೇ ಹೊಳೆಯ ಎರಡು ದಡದಲ್ಲಿ ಎರಡು ಬೇರೆ ಉತ್ತರ ಇರಲಿ. ಲೋಕ ಪ್ರಶ್ನೆ ಕೇಳುತ್ತದೆ, ಉತ್ತರ ಕೊಡುವವರು ಜನ, ಅದೂ ಜಗಳ ಆಡಿಕೊಂಡು.

ದೇವರ ಬಗ್ಗೆಯೂ ಒಂದು ಮಾತು. ಎಲ್ಲರೂ ಅನ್ಯಲೋಕದ ಧರ್ಮ ಅಂದಕೂಡಲೇ ಸೃಷ್ಟಿಯ ಕತೆ ಬರೆಯಲು ಕೂರುತ್ತಾರೆ. ಜಗತ್ತು ಹೇಗೆ ಹುಟ್ಟಿತು ಇತ್ಯಾದಿ. ನಮ್ಮಲ್ಲಿ ದೈವದ ಮುಂದೆ ಜನ ನಿಲ್ಲುವುದು ಅದನ್ನು ಕೇಳಲಿಕ್ಕಲ್ಲ. ಬೇಲಿ ಜಗಳ, ಅಣ್ಣತಮ್ಮಂದಿರ ಪಾಲು, ಹರಕೆ ತೀರಿಸದೆ ಬಿಟ್ಟದ್ದು, ಮಗನ ಕಾಯಿಲೆ. ಕೋಲದಲ್ಲಿ ದೈವ ಹೆಸರು ಹಿಡಿದು ಕರೆದು ಮಾತಾಡುತ್ತದೆ, ನ್ಯಾಯ ಹೇಳುತ್ತದೆ. ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಮನೆತನದ ಯಜಮಾನನೂ ಕೈಮುಗಿದು ಕೇಳಬೇಕು. ಉಳಿದ ದಿನಗಳಲ್ಲಿ ಅದೇ ಯಜಮಾನನ ಅಂಗಳಕ್ಕೆ ಬರಲು ಹಿಂಜರಿಯುವ ಸಮುದಾಯದ ಮನುಷ್ಯ ಆ ರಾತ್ರಿ ದೈವವಾಗಿ ಅವನಿಗೆ ಬುದ್ಧಿ ಹೇಳುತ್ತಾನೆ. ಧರ್ಮವೂ ನ್ಯಾಯಾಲಯವೂ ಅಲ್ಲಿ ಒಂದೇ. ಮುಸ್ಸಂಜೆ ಅವರೇ, ನಿಮ್ಮ ಜನ ದೇವರ ಹತ್ತಿರ ಏನು ಕೇಳಲು ಹೋಗುತ್ತಾರೆ ಅಂತ ಮೊದಲು ಬರೆಯಿರಿ. ದೇವರ ಹೆಸರು, ರೂಪ, ಹುಟ್ಟು ಎಲ್ಲ ಆಮೇಲೆ ಇಟ್ಟುಕೊಳ್ಳಿ.

ಎರಡನೇ ಪಾಳಿ

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು ನಾನು, ಹಾಗಾಗಿ ನನಗೆ ಮೊದಲು ಹೊಳೆದದ್ದು ನಿದ್ದೆ. ಅಲ್ಲಿ ರಾತ್ರಿಯೇ ಇಲ್ಲ. ಎಲ್ಲರೂ ಒಟ್ಟಿಗೆ ಮಲಗಲು ಕಾರಣವೇ ಇಲ್ಲ. ಅದರ ಮೇಲೆ ಭುಗಿಲು ಯಾವಾಗ ಏಳುತ್ತದೋ ಗೊತ್ತಿಲ್ಲ, ಯಾರಾದರೂ ಎಚ್ಚರ ಇರಲೇಬೇಕು. ಡಾಲ್ಫಿನ್‌ಗಳು ಮೆದುಳಿನ ಅರ್ಧ ಭಾಗವನ್ನು ಮಾತ್ರ ಒಂದು ಸಲಕ್ಕೆ ಮಲಗಿಸುತ್ತವೆ, ನಿಮ್ಮ ಜೀವಿಗಳೂ ಹಾಗೆ ಇರಬಹುದು. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಊರೇ ಪಾಳಿಯಲ್ಲಿ ಮಲಗುವುದು.

ಹಾಗಾದರೆ ಒಂದೇ ಊರಿನಲ್ಲಿ ಎರಡು ಊರು. ಒಂದೇ ಹಾಸಿಗೆ, ಒಂದೇ ಒಲೆ, ಒಂದೇ ನೇಗಿಲು, ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದು ಪಾಳಿ ಬದಲಾಗುವ ಆ ಸ್ವಲ್ಪ ಹೊತ್ತು ಮಾತ್ರ. ಏನಾದರೂ ಕಳೆದುಹೋದರೆ ಇನ್ನೊಂದು ಪಾಳಿಯವರ ಮೇಲೆ ಅನುಮಾನ. ಪಾಳಿ ದಾಟಿ ಮದುವೆಯಾದರೆ ಒಬ್ಬರು ತಮ್ಮ ಗೆಳೆಯರನ್ನೆಲ್ಲ ಬಿಟ್ಟು ಬರಬೇಕು. ಮಗು ಹುಟ್ಟಿದರೆ ಯಾವ ಪಾಳಿ? ತಾಯಿಯದೋ, ಹುಟ್ಟಿದ ಹೊತ್ತಿನದೋ? ಊರ ಸಭೆ ಯಾವಾಗ ಸೇರಬೇಕು? ಒಬ್ಬರು ಮಲಗಿದ್ದಾಗ ಇನ್ನೊಬ್ಬರು ತೀರ್ಮಾನ ಮಾಡಿದರೆ ಅದು ನಡೆಯುತ್ತದಾ? ಇದರಲ್ಲೇ ಒಂದು ಇಡೀ ಸಂವಿಧಾನ ಇದೆ ನೋಡಿ. ಆಸ್ಪತ್ರೆಯಲ್ಲಿ ಒಂದು ಪಾಳಿ ಇನ್ನೊಂದಕ್ಕೆ ರೋಗಿಗಳ ವಿವರ ಒಪ್ಪಿಸುವ ಆ ಹತ್ತು ಹದಿನೈದು ನಿಮಿಷ ಎಷ್ಟು ಮುಖ್ಯ ಅಂತ ಮಾಡಿದವರಿಗೇ ಗೊತ್ತು. ಆ ಒಪ್ಪಿಸುವ ಕ್ಷಣವೇ ನಿಮ್ಮವರ ಪವಿತ್ರ ಗಳಿಗೆ ಆಗಬಹುದು. ಆಗ ಸುಳ್ಳು ಹೇಳುವುದು ಅಲ್ಲಿನ ಅತಿ ದೊಡ್ಡ ಪಾಪ.

ಹೊಸ ಓದುಗ

ಸರ್ಕಾರವೇ ಬೇಡ ಅಂತ ಇಟ್ಟರೆ? ಎಲ್ಲರೂ ಸಮಾನ, ಆಳುವವರೇ ಇಲ್ಲ ಅಂತ.

ಘಟ್ಟದ ಕೆಳಗೆ

ಇಡಬಹುದು, ಆದರೆ ಆಗ ಕೆಲಸ ಜಾಸ್ತಿ. ಉರ್ಸುಲಾ ಕೆ. ಲೆ ಗ್ವಿನ್ 1974ರಲ್ಲಿ ‘ದಿ ಡಿಸ್ಪೊಸೆಸ್ಡ್’ ಕಾದಂಬರಿಯಲ್ಲಿ ಅದನ್ನೇ ಮಾಡಿದರು. ಅಲ್ಲಿ ಕಾನೂನು, ಪೊಲೀಸ್ ಇಲ್ಲ, ಆದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಅನ್ನುವುದೇ ನಿಧಾನಕ್ಕೆ ಬೇಡಿಯಾಗುತ್ತದೆ. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು.

ನಿಜ ಜಗತ್ತಿನಲ್ಲೂ ಉದಾಹರಣೆ ಇದೆ. ನೈಲ್ ನದಿಯ ಮೇಲ್ಭಾಗದ ನುಯರ್ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ 1940ರಲ್ಲಿ ಬರೆದರು. ರಾಜ ಇಲ್ಲ, ಸೈನ್ಯ ಇಲ್ಲ. ಕೊಲೆಯಾದರೆ ಕೊಂದವನು ಚಿರತೆ ಚರ್ಮ ಹೊದ್ದ ಒಬ್ಬ ಪೂಜಾರಿಯ ಮನೆಗೆ ಓಡುತ್ತಾನೆ. ಅಲ್ಲಿ ಅವನನ್ನು ಮುಟ್ಟುವ ಹಾಗಿಲ್ಲ. ಆ ಪೂಜಾರಿ ಎರಡೂ ಕಡೆ ಮಾತಾಡಿ ಇಷ್ಟು ದನ ಕೊಡಬೇಕು ಅಂತ ಒಪ್ಪಿಸುತ್ತಾನೆ. ಒಪ್ಪದಿದ್ದರೆ ಅವನಿಂದ ಬಲವಂತ ಮಾಡಲು ಆಗುವುದಿಲ್ಲ. ಆಳುವವರು ಇಲ್ಲದ ಲೋಕ ಬರೆಯುವುದಾದರೆ ಒಂದು ಕೊಲೆ ಇಟ್ಟು ನೋಡಿ. ಆಮೇಲೆ ಏನಾಗುತ್ತದೆ ಅಂತ ಹಂತ ಹಂತವಾಗಿ ಬರೆಯಲು ಬಂದರೆ ಲೋಕ ನಿಲ್ಲುತ್ತದೆ.

ತೂಬು

ಆಳುವವರು ಇರಲೇಬೇಕು ಅಂದರೂ ರಾಜ ಮತ್ತು ಮತಪೆಟ್ಟಿಗೆ ಎರಡೇ ದಾರಿ ಅಲ್ಲ. ಇಥಿಯೋಪಿಯಾದ ಒರೋಮೊ ಜನರ ಗಡಾ ಪದ್ಧತಿಯಲ್ಲಿ ಅಧಿಕಾರ ಒಂದು ಪೀಳಿಗೆಯ ಗುಂಪಿನಿಂದ ಇನ್ನೊಂದಕ್ಕೆ 8 ವರ್ಷಕ್ಕೊಮ್ಮೆ ಹೋಗುತ್ತದೆ. ಯುನೆಸ್ಕೊ 2016ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಸುಮಾರು 920ರ ಶಾಸನ ಇದೆ. ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ, ಒಬ್ಬ ಹುಡುಗನ ಕೈಯಲ್ಲಿ ಎತ್ತಿಸಿ ಊರ ಸಮಿತಿ ಆರಿಸುತ್ತಿದ್ದರು. ವಯಸ್ಸು 35ರಿಂದ 70ರೊಳಗೆ ಇರಬೇಕು, ಜಮೀನು ಇರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ನಿಲ್ಲುವಂತಿಲ್ಲ, ಅವನ ನೆಂಟರೂ ನಿಲ್ಲುವಂತಿಲ್ಲ. ಈ ಕೊನೆಯ ನಿಯಮ ಓದಿದರೆ ಆ ಊರಿನಲ್ಲಿ ಏನೇನು ನಡೆದಿರಬಹುದು ಅಂತ ಅಂದಾಜಾಗುತ್ತದೆ ಅಲ್ವಾ? ನಿಮ್ಮ ಲೋಕಕ್ಕೂ ಇಂಥ ಒಂದೆರಡು ನಿಯಮ ಬರೆಯಿರಿ. ಪೂರ್ತಿ ಇತಿಹಾಸ ಹೇಳಬೇಕಾಗಿಲ್ಲ.

ಗಣಿತ ಮೇಷ್ಟ್ರು

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ, ಕಾಲದ ಲೆಕ್ಕ.

8 ವರ್ಷಕ್ಕೊಮ್ಮೆ ಅಧಿಕಾರ ಬಿಡಬೇಕು, 35 ವಯಸ್ಸಾಗಿರಬೇಕು ಅಂತ ತೂಬು ಅವರು ಹೇಳಿದರು. ಹಗಲು ರಾತ್ರಿ ಇಲ್ಲದ, ಋತು ಇಲ್ಲದ ಕಡೆ ಇದನ್ನು ಎಣಿಸುವವರು ಯಾರು? ಸಾಲ ಕೊಟ್ಟರೆ ಬಡ್ಡಿ ಯಾವ ಲೆಕ್ಕದಲ್ಲಿ? ಗ್ರಹದ ವರ್ಷ 11.2 ದಿನ. ನಮ್ಮ ಲೆಕ್ಕದಲ್ಲಿ 20 ವರ್ಷದ ಹುಡುಗಿಗೆ ಅಲ್ಲಿ 652 ವರ್ಷ. ಆದರೆ ಬಿಸಿಲ ಕಡೆ ಬದುಕುವವರಿಗೆ ಆ ವರ್ಷ ಕಾಣುವುದೇ ಇಲ್ಲ. ನಕ್ಷತ್ರಗಳು ಸುತ್ತುವುದು ಕಾಣಬೇಕಾದರೆ ಕತ್ತಲಿಗೆ ಹೋಗಬೇಕು.

ಒಂದು ಅನುಕೂಲ ಮಾಡಿಕೊಡುತ್ತೇನೆ. ಗ್ರಹದ ಕಕ್ಷೆ ಪೂರ್ತಿ ದುಂಡಗಿಲ್ಲದೆ ಚೂರೇ ಚೂರು ಅಂಡಾಕಾರ ಅಂತ ಇಟ್ಟುಕೊಳ್ಳಿ, ಉತ್ಕೇಂದ್ರತೆ (ಕಕ್ಷೆ ಎಷ್ಟು ಅಂಡಾಕಾರ ಅನ್ನುವ ಅಳತೆ) 0.02 ಸಾಕು. ಆಗ ಸೂರ್ಯ ಇದ್ದಲ್ಲೇ ಸ್ವಲ್ಪ ತೂಗುತ್ತಾನೆ, ಆ ಕಡೆ ಸುಮಾರು 2.3 ಡಿಗ್ರಿ, ಈ ಕಡೆ ಅಷ್ಟೇ. ಸೂರ್ಯ ತಲೆಯ ಮೇಲೆ ಇರುವ ಊರಿನಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಆದರೆ ಮುಸ್ಸಂಜೆಯಲ್ಲಿ ಸುಮಾರು 500 ಕಿ.ಮೀ. ಅಗಲದ ಒಂದು ಪಟ್ಟಿಯಲ್ಲಿ ಸೂರ್ಯ 11.2 ದಿನಕ್ಕೊಮ್ಮೆ ನಿಜವಾಗಿಯೂ ಮುಳುಗಿ ಏಳುತ್ತಾನೆ! ಇಡೀ ಲೋಕದಲ್ಲಿ ಅವರಿಗೆ ಮಾತ್ರ ಗಡಿಯಾರ ಇದೆ. ಉಳಿದವರೆಲ್ಲ ಸಾಲ, ವಯಸ್ಸು, ಶಿಕ್ಷೆಯ ಅವಧಿ ಎಲ್ಲದಕ್ಕೂ ಇವರನ್ನೇ ಕೇಳಬೇಕು.

ನಮ್ಮ ಹಳ್ಳಿಗಳಲ್ಲಿ ಪಟೇಲನಿಗೆ ಮರ್ಯಾದೆ ಇತ್ತು, ಶಾನುಭೋಗನ ಕೈಯಲ್ಲಿ ಲೆಕ್ಕದ ಪುಸ್ತಕ ಇತ್ತು. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಗಳನ್ನು ತೆಗೆಯಲು 1961ರ ಕಾಯ್ದೆಯೇ ಬೇಕಾಯಿತು. ಲೆಕ್ಕ ಇಡುವವರ ಬಲವನ್ನು ಕಡಿಮೆ ಅಂದುಕೊಳ್ಳಬೇಡಿ.

ಮುಸ್ಸಂಜೆ

ಓದುತ್ತಾ ಓದುತ್ತಾ ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡೆ. ಎಲ್ಲರಿಗೂ ಧನ್ಯವಾದ, ಮನಸ್ಸಿನಿಂದ ಹೇಳುತ್ತಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಈ ಜನರಲ್ಲಿ ಕೆಲವರು ಮುಸ್ಸಂಜೆ ಬಿಟ್ಟು ಬಿಸಿಲ ನಾಡಿಗೆ ವಲಸೆ ಹೋಗುತ್ತಾರೆ. ಹಳೆಯ ನಾಡಿನಲ್ಲಿ ಸೂರ್ಯ ಮುಳುಗಿದಾಗ ಉಪವಾಸ ಮಾಡುತ್ತಿದ್ದರು. ಹೊಸ ನಾಡಿನಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅವರ ನಂಬಿಕೆ ಸತ್ತುಹೋಗುತ್ತದಾ?

ಘಟ್ಟದ ಕೆಳಗೆ

ಸಾಯುವುದಿಲ್ಲ, ಸಮಿತಿ ಸೇರುತ್ತದೆ. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಾಫರ್ ಶುಕೂರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು, ಅದೂ ರಂಜಾನ್ ತಿಂಗಳಲ್ಲಿ. ಆ ನಿಲ್ದಾಣ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಐದು ಹೊತ್ತಿನ ನಮಾಜು ಯಾವ ಸೂರ್ಯೋದಯಕ್ಕೆ ಮಾಡಬೇಕು, ಮೆಕ್ಕಾ ಯಾವ ದಿಕ್ಕು? ಧರ್ಮಗುರುಗಳೂ ವಿಜ್ಞಾನಿಗಳೂ ಕೂತು ಕೈಪಿಡಿ ಮಾಡಿದರು. ರಾಕೆಟ್ ಹಾರಿದ ಊರಿನ 24 ಗಂಟೆಯ ಲೆಕ್ಕ ಹಿಡಿಯಿರಿ, ದಿಕ್ಕಿಗೆ ಸಾಧ್ಯವಾದಷ್ಟು ಪ್ರಯತ್ನ ಮಾಡಿ, ಕಾಬಾ ಕಡೆ ಆಗದಿದ್ದರೆ ಭೂಮಿಯ ಕಡೆ, ಅದೂ ಆಗದಿದ್ದರೆ ಎತ್ತಲಾದರೂ ಸರಿ ಅಂತ. ಎಷ್ಟು ಸುಂದರವಾದ ಉತ್ತರ ಅನ್ನಿಸಿತ್ತು ನನಗೆ.

ನಿಮ್ಮ ವಲಸಿಗರಲ್ಲಿ ಮೂರು ಪಂಗಡ ಆಗಲಿ. ಹಳೆಯ ನಾಡಿನಿಂದ ಮುಳುಗುವ ಸುದ್ದಿ ತರಿಸಿಕೊಂಡು ಉಪವಾಸ ಮಾಡುವವರು. ಮನೆಗೆ ಪರದೆ ಹಾಕಿ ತಾವೇ ಕತ್ತಲು ಮಾಡಿಕೊಳ್ಳುವವರು. ಉಪವಾಸವನ್ನೇ ಬಿಟ್ಟು, ಆದರೆ ಉಪವಾಸ ಮುಗಿಸುವ ಊಟವನ್ನು ಮಾತ್ರ ಉಳಿಸಿಕೊಂಡವರು. ಮೂರನೆಯವರೇ ಜಾಸ್ತಿ ಇರುತ್ತಾರೆ. ಆ ಊಟದ ಅಡುಗೆ ಏನು ಅಂತ ವಿವರವಾಗಿ ಬರೆಯಿರಿ, ಯಾಕೆ ಅಂತ ಮಾತ್ರ ಅವರ ಮಕ್ಕಳಿಗೆ ಗೊತ್ತಿರಬಾರದು.

ಮುಸ್ಸಂಜೆ

ಸರಿ, ಹೀಗೆ ಮಾಡುತ್ತೇನೆ. ಕತೆ ಒಂದು ವ್ಯಾಜ್ಯದಿಂದ ಶುರು. ಮುಸ್ಸಂಜೆ ಪಟ್ಟಿಯ ಅಂಚಿನ ಒಂದು ಊರು, ಎರಡು ಪಾಳಿ. ಒಂದು ಪಾಳಿಯವರು ಮಲಗಿದ್ದಾಗ ಇನ್ನೊಂದು ಪಾಳಿಯ ಒಬ್ಬಳು ಕಾಲ ಎಣಿಸಲು ಗೋಪುರ ಕಟ್ಟಲು ಶುರು ಮಾಡಿದ್ದಾಳೆ. ಅದರ ನೆರಳು ಕೆಳಗಿನ ಗದ್ದೆಗಳ ಮೇಲೆ ಬೀಳುತ್ತದೆ. ಗದ್ದೆಯವರು ದೈವದ ಮುಂದೆ ದೂರು ಕೊಡುತ್ತಾರೆ. ದೈವ ಮೈಮೇಲೆ ಬರುವುದು ಹಿಮದ ಅಂಚಿನಲ್ಲಿ ನೀರು ಬಿಡುವವನಿಗೆ. ಗೋಪುರ ಎದ್ದರೆ ಲೆಕ್ಕಕ್ಕೆ ಬೇರೆ ಊರನ್ನು ಕೇಳಬೇಕಿಲ್ಲ, ಹಾಗಾಗಿ ಊರಿನ ಅರ್ಧ ಜನಕ್ಕೆ ಅದು ಬೇಕೇ ಬೇಕು.

ಯಾರು ಗೆಲ್ಲಬೇಕು ಅಂತ ಇನ್ನೂ ಗೊತ್ತಾಗುತ್ತಿಲ್ಲ.

ತೂಬು

ಯಾರೂ ಬೇಗ ಗೆಲ್ಲುವುದು ಬೇಡ. ಕಾವೇರಿಯನ್ನೇ ನೋಡಿ. 1924ರ ಒಪ್ಪಂದಕ್ಕೆ ಸಹಿ ಹಾಕಿದ ಮೈಸೂರು ಸಂಸ್ಥಾನವೂ ಇಲ್ಲ, ಮದ್ರಾಸ್ ಪ್ರಾಂತ್ಯವೂ ಇಲ್ಲ. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಐತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿತು. ಮಳೆ ಕಡಿಮೆಯಾದ ವರ್ಷ ಇವತ್ತಿಗೂ ಮಂಡ್ಯದಲ್ಲಿ ರಸ್ತೆ ತಡೆ.

ನಿಮ್ಮ ದೈವದ ನುಡಿ ಬರುವಷ್ಟರಲ್ಲಿ ಗೋಪುರ ಅರ್ಧ ಎದ್ದಿರಲಿ, ಮೊದಲ ಸಾಲಿನ ಗದ್ದೆ ಒಣಗಿರಲಿ. ಆ ಗದ್ದೆಯವನು ಯಾವ ಪಾಳಿ ಅಂತ ಮಾತ್ರ ಇವತ್ತೇ ತೀರ್ಮಾನ ಮಾಡಿಕೊಳ್ಳಿ. ಅವನು ಗೋಪುರ ಕಟ್ಟುವವಳ ಪಾಳಿಯವನೇ ಆಗಿದ್ದರೆ ಕತೆ ಬೇರೆಯೇ ಆಗುತ್ತದೆ.